ಮಗಳ ಬಾಯಲ್ಲಿ ಬಂದ ಮಾತು

ಇಂಥ ಕತೆಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ದೂರದಲ್ಲಿದ್ದ ತಾಯಿಗೆ ಮಗನ ನೋವು ತಿಳಿಯಿತಂತೆ, ಸಾಯುವವರು ಬಂದು ಹೇಳಿ ಹೋದರಂತೆ ಎಂದು ನೆಂಟರು ಹೇಳುವಾಗ ‘ಕಾಕತಾಳೀಯ’ ಎಂದು ಮಾತು ಮುಗಿಸಿಬಿಡುತ್ತಿದ್ದೆ. ಅಹಮದಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಉಪಕರಣಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಅಳತೆಗೆ ಸಿಗದ್ದನ್ನು ನಂಬುವುದು ನನ್ನ ಸ್ವಭಾವವಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೇ.

ನಾನು ಮೈಸೂರಿನ ಕಡೆಯವನು. ಹೆಂಡತಿ ಶೈಲಾ ಧಾರವಾಡದವಳು. ಮದುವೆಯಾದಂದಿನಿಂದ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲೇ ಇದ್ದರೂ ಅವಳ ಮಾತು ಮಾತ್ರ ಧಾರವಾಡ ಬಿಟ್ಟು ಕದಲಲಿಲ್ಲ. ಮಗಳು ಈಶಾ ಇಲ್ಲೇ ಹುಟ್ಟಿ ಬೆಳೆದವಳು. ಶಾಲೆಯಲ್ಲಿ ಇಂಗ್ಲಿಷ್, ನಮ್ಮ ಹೌಸಿಂಗ್ ಸೊಸೈಟಿಯ ಮಕ್ಕಳ ಜೊತೆ ಗುಜರಾತಿ, ನಮ್ಮ ಜೊತೆ ಹಿಂದಿ. ಕನ್ನಡ ಅಲ್ಪಸ್ವಲ್ಪ ತಿಳಿಯುತ್ತಿತ್ತು. ಆಡಲು ಹೋದರೆ ‘ನೀರು ಬೇಕು, ಊಟ ಬೇಡ’ ಎಂಬಲ್ಲಿಗೆ ಮುಗಿಯುತ್ತಿತ್ತು. ಶೈಲಾಳಿಗೆ ಅದೊಂದು ಕೊರಗು. “ನನ್ನ ಮಗಳ ಜೋಡಿ ನನ್ನ ಭಾಷಾದಾಗ ಜಗಳಾನೂ ಆಡೂಹಂಗಿಲ್ಲ ನೋಡ್ರಿ” ಎನ್ನುತ್ತಿದ್ದಳು.

ಕೋವಿಡ್‌ನ ಎರಡನೇ ಅಲೆಯಲ್ಲಿ ಮೂವರಿಗೂ ಸೋಂಕು ತಗುಲಿತು. ನನಗೂ ಈಶಾಳಿಗೂ ಬರೀ ಜ್ವರ. ಶೈಲಾಳಿಗೆ ಉಸಿರಾಡುವುದೇ ಕಷ್ಟವಾಯಿತು. ಆಂಬುಲೆನ್ಸ್‌ನವರು ಕರೆದೊಯ್ಯುವಾಗ ಬಾಗಿಲಲ್ಲಿ ನಿಂತಿದ್ದ ಮಗಳಿಗೆ ಅವಳು ಏನೋ ಹೇಳಿದಳು. ಮಾಸ್ಕಿನೊಳಗಿನ ಆ ಮಾತು ನಮಗಿಬ್ಬರಿಗೂ ಕೇಳಿಸಲಿಲ್ಲ.

ಆಸ್ಪತ್ರೆಯೊಳಗೆ ಮನೆಯವರನ್ನು ಬಿಡುತ್ತಿರಲಿಲ್ಲ. ದಿನಕ್ಕೊಮ್ಮೆ ಡಾಕ್ಟರಮ್ಮ ಫೋನ್ ಮಾಡಿ ಹಿಂದಿಯಲ್ಲಿ ಸಮಾಚಾರ ಹೇಳುತ್ತಿದ್ದರು. ಒಮ್ಮೆ, ರಕ್ತ ತೆಳುವಾಗಲು ಹೊಟ್ಟೆಗೆ ಇಂಜೆಕ್ಷನ್ ಕೊಡುತ್ತಿದ್ದೇವೆ ಎಂದರು. ಕೆಮ್ಮು, ಜ್ವರದ ಕಾಯಿಲೆಗೆ ಅದೇಕೆ ಎಂದು ಕೇಳಿದೆ. ಸೋಂಕು ತೀವ್ರವಾದಾಗ ರಕ್ತನಾಳಗಳ ಒಳಪದರಕ್ಕೇ ಉರಿಯೂತ ಬರುತ್ತದೆ, ರಕ್ತ ಅಲ್ಲಲ್ಲಿ ಹೆಪ್ಪುಗಟ್ಟುತ್ತದೆ, ಇಂಜೆಕ್ಷನ್ ಕೊಟ್ಟರೂ ಕೆಲವರಲ್ಲಿ ತಡೆಯುವುದು ಕಷ್ಟ ಎಂದು ತಾಳ್ಮೆಯಿಂದ ವಿವರಿಸಿದರು. ಆಮೇಲೆ ಶೈಲಾ ಚೇತರಿಸಿಕೊಳ್ಳತೊಡಗಿದಳು. ಬೇಗನೆ ಸಾಮಾನ್ಯ ವಾರ್ಡಿಗೆ ಕಳಿಸುತ್ತೇವೆ ಎಂದೂ ಹೇಳಿದರು. ಬಾಗಿಲಿಗೆ ಖಿಚಡಿ ತಂದಿಡುತ್ತಿದ್ದ ಎದುರುಮನೆಯ ಹಂಸಾಬೆನ್‌ಗೆ ನಾನು ಆ ಸುದ್ದಿಯನ್ನು ಬಾಲ್ಕನಿಯಿಂದಲೇ ಕೂಗಿ ಹೇಳಿದೆ.

ಮರುದಿನ ಮಧ್ಯಾಹ್ನ. ಹೊರಗೆ ಉರಿಬಿಸಿಲು. ಊಟ ಮಾಡಿ ಈಶಾ ಮಲಗಿದ್ದಳು. ನಾನು ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿದ್ದೆ, ಎಚ್ಚರವಾಗಿಯೇ ಇದ್ದೆ.

“ಏನ್ರೀ” ಎಂದಳು ಈಶಾ.

ಅವಳು ನನ್ನನ್ನು ಎಂದೂ ಹಾಗೆ ಕರೆದವಳಲ್ಲ. ತಿರುಗಿ ನೋಡಿದೆ. ಕಣ್ಣು ಮುಚ್ಚಿತ್ತು.

“ಎಡಗಾಲು ಭಾಳ ನೋಯಲಿಕ್ಕತ್ತದರೀ. ಸ್ವಲ್ಪ ತಿಕ್ರಿ.”

ದನಿ ಮಗಳದೇ, ಎಳೆಯ ದನಿ. ಆದರೆ ಆ ರಾಗ, ಕೊನೆಯಲ್ಲಿ ಆ ‘ರೀ’ ಎಳೆಯುವ ರೀತಿ ಎಲ್ಲ ಶೈಲಾಳದು. ನನಗೆ ಹೆದರಿಕೆಯಾಗಲಿಲ್ಲ. ಅದೇ ಈಗ ಆಶ್ಚರ್ಯ. ಮನೆಯಲ್ಲಿ ದಿನವೂ ಕೇಳುವ ಮಾತಿಗೆ ಉತ್ತರಿಸುವಂತೆ “ಎಲ್ಲಿ?” ಎಂದೆ.

“ಮೊಣಕಾಲ ಕೆಳಗ, ಹಿಂದ.”

ನಾನು ಹತ್ತಿರ ಸರಿದು ಮಗಳ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಮೀನಖಂಡವನ್ನು ಮೆಲ್ಲಗೆ ತಿಕ್ಕಿದೆ. ಸ್ವಲ್ಪ ಹೊತ್ತಿಗೆ ಅವಳು “ಸಾಕ್ರಿ, ಈಗ ಹಗುರಾತು” ಎಂದು ಮಗ್ಗುಲಾದಳು. ಆಮೇಲೆ ಬರೀ ನಿದ್ದೆಯ ಉಸಿರು.

ಆಗ ದಡಬಡಿಸಿ ಎದ್ದೆ. ಆಸ್ಪತ್ರೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಕೊನೆಗೆ ಅವರೇ ಮಾಡಿದರು. ಡಾಕ್ಟರಮ್ಮ “ಭಾಯ್” ಎಂದು ನಿಲ್ಲಿಸಿದಾಗಲೇ ನನಗೆ ತಿಳಿದುಹೋಯಿತು.

ಊಟದ ಹೊತ್ತಿಗೆ ಶೈಲಾ ಕಾಲುನೋವು ಎಂದಿದ್ದಳಂತೆ. ನೋಡಿದರೆ ಊದಿಕೊಂಡಿತ್ತು. ಸ್ಕ್ಯಾನಿಂಗಿಗೆ ಸಿದ್ಧ ಮಾಡುತ್ತಿದ್ದಾಗಲೇ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತು. ಉಳಿಸಿಕೊಳ್ಳಲು ಆಗಲಿಲ್ಲ ಎಂದರು.

“ಯಾವ ಕಾಲು?” ಎಂದು ಕೇಳಿದೆ.

ಅಂಥ ಹೊತ್ತಿನಲ್ಲಿ ಯಾರೂ ಕೇಳದ ಪ್ರಶ್ನೆ. ಅವರು “ಎಡಗಾಲು” ಎಂದರು.

ಎಷ್ಟೋ ತಿಂಗಳ ನಂತರ ವಡೋದರಾದಲ್ಲಿ ಪರಿಚಯದ ಡಾಕ್ಟರೊಬ್ಬರು ಸಿಕ್ಕಾಗ, ಹೆಪ್ಪುಗಟ್ಟಿದ ಕಾಲನ್ನು ತಿಕ್ಕಿದರೆ ಏನಾಗುತ್ತದೆ ಎಂದು ವಿಚಾರಿಸಿದೆ. ತಿಕ್ಕಲೇಬಾರದು, ಹೆಪ್ಪು ಕಳಚಿಕೊಳ್ಳಬಹುದು ಎಂದರು. “ಯಾಕೆ, ಯಾರಾದರೂ ತಿಕ್ಕಿದ್ದರಾ?”

“ಇಲ್ಲ” ಎಂದೆ. ಇನ್ನೇನು ಹೇಳಲಿ? ನಾನು ತಿಕ್ಕಿದ್ದು ಮಗಳ ಕಾಲನ್ನು. ಶೈಲಾ ಇದ್ದದ್ದು ಊರಿನ ಇನ್ನೊಂದು ಕೊನೆಯಲ್ಲಿ. ಎರಡಕ್ಕೂ ಸಂಬಂಧವಿಲ್ಲ ಎಂದು ನನ್ನ ಬುದ್ಧಿ ಹೇಳುತ್ತದೆ, ಪ್ರತಿದಿನವೂ ಹೇಳುತ್ತದೆ. ಕೈಗಳು ಮಾತ್ರ ಒಪ್ಪುವುದಿಲ್ಲ.

ತಾಯಿಯ ಮಾತು ಮಗುವಿನ ಮನಸ್ಸಿನಲ್ಲಿ ಉಳಿದು ನಿದ್ದೆಯಲ್ಲಿ ಬಂದಿರಬಹುದು ಎನ್ನುತ್ತಾರೆ. ಇರಬಹುದು. ಆದರೆ ಆ ಕಾಲು, ಆ ಹೊತ್ತು?

ಈಶಾಳಿಗೆ ಅದೊಂದೂ ನೆನಪಿಲ್ಲ. ದೊಡ್ಡವಳಾಗಿದ್ದಾಳೆ ಎಂದು ಕಳೆದ ವರ್ಷ ಎಲ್ಲವನ್ನೂ ಹೇಳಿದೆ, ತಿಕ್ಕಿದ್ದೊಂದನ್ನು ಬಿಟ್ಟು. ಅವಳು ಅಳಲಿಲ್ಲ. “ಮೈಂನೇ ಕ್ಯಾ ಬೋಲಾ ಥಾ, ಪಪ್ಪಾ?” ಎಂದು ಅಂದು ತಾನು ಆಡಿದ್ದ ಮಾತನ್ನು ಕೇಳಿದಳು. ಹೇಳಿಕೊಟ್ಟೆ. ‘ನೋಯಲಿಕ್ಕತ್ತದ’ ಎಂಬಲ್ಲಿ ಅವಳ ನಾಲಿಗೆ ಮತ್ತೆ ಮತ್ತೆ ತೊಡರಿತು.

“ನೀವು ಹೇಳಿ, ಮಮ್ಮಿ ಥರ” ಎಂದಳು.

ನನ್ನ ಮೈಸೂರಿನ ಬಾಯಿಗೂ ಅದು ಬರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಬಹಳ ಹೊತ್ತು ಹೇಳಿ ನೋಡಿದೆವು. ಒಂದು ಸಲವೂ ಅದು ಶೈಲಾಳ ಮಾತಿನ ಹಾಗೆ ಕೇಳಿಸಲಿಲ್ಲ.