ಕಪ್ಪು ಬಟ್ಟೆಯ ರಿಂಗು

ಕಪಾಟು ಖಾಲಿ ಮಾಡುವಾಗ ಹಳೆ ಸೀರೆಗಳ ಅಡಿಯಲ್ಲಿ ಕಸೂತಿ ಹಾಕುವ ಮರದ ರಿಂಗೊಂದು ಸಿಕ್ಕಿತು. ಅದಕ್ಕೆ ಬಿಗಿದ ತೆಳು ಕಪ್ಪು ಬಟ್ಟೆಯಲ್ಲಿ ಇನ್ನೂ ನುಸಿಗುಳಿಗೆಯ ವಾಸನೆ. ಏನೂ ಅನಿಸಲಿಲ್ಲ. ಬಟ್ಟೆ ಅಂಗಡಿಯ ಕಾಕ ಮಾತ್ರ ಕಣ್ಣ ಮುಂದೆ ಬಂದು ಕೂತರು…

ನಾನು ಟೀಚರಾಗಿದ್ದ ಲಾಯಿಲದಲ್ಲಿ ನಮ್ಮ ಪಕ್ಕದ ಮನೆ ಅವರದು. ಮದುವೆಗೆ ಮೊದಲೇ ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ತುಟಿ ನೋಡಿಯೇ ವ್ಯಾಪಾರ. ಹೆಂಡತಿಯ ಸ್ವರವನ್ನು ಒಂದು ದಿನವೂ ಕೇಳಿದವರಲ್ಲ. ಎರಡು ಸಾವಿರದ ಇಸವಿ ಕಳೆದ ಮೇಲೆ ಕಿವಿಯೊಳಗೆ ಯಂತ್ರ ಕೂರಿಸುವ ಆಪರೇಷನ್ ಆಯಿತು.

"ಎಲ್ಲ ತಗಡು ಬಡಿದ ಹಾಗೆ ಕೇಳ್ತದೆ ಟೀಚರೇ," ಎಂದರು ಮೊದಲ ವಾರ. ಮಿದುಳು ಈ ಸದ್ದಿಗೆ ಒಗ್ಗಬೇಕು, ದಿನಾ ಬಾಯಿ ಮರೆಮಾಡಿ ಓದಿ ಕೇಳಿಸಿ ಎಂದು ತರಬೇತಿಯವರು ಕನ್ನಡ ಪದಗಳ ಪಟ್ಟಿ ಕೊಟ್ಟಿದ್ದರು. ಕನ್ನಡ ಟೀಚರ್ ಎಂದು ಆ ಕೆಲಸ ನನ್ನ ಪಾಲಿಗೆ ಬಂತು. ತುಟಿ ಕಾಣದೆ ಸದ್ದು ಮಾತ್ರ ದಾಟಲೆಂದು ತನ್ನ ಕಸೂತಿ ರಿಂಗಿಗೆ ಅಂಗಡಿಯ ತೆಳು ಬಟ್ಟೆ ಬಿಗಿದು ಕೊಟ್ಟವರು ಅವರ ಹೆಂಡತಿ. ಮನೆಯವರೆಲ್ಲ ಮಾತಾಡುತ್ತಿರಿ ಎಂದೂ ತರಬೇತಿಯವರು ಹೇಳಿದ್ದರು. ಅದನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ.

"ಅವಳ ಸ್ವರ ತಗಡಿನಲ್ಲಿ ಬೇಡ. ಎಲ್ಲ ಸರಿಯಾದ ಮೇಲೆ ಕೇಳುವ," ಎಂದಿದ್ದರು ಕಾಕ. ಅವರು ಯಂತ್ರದ ಹೊರಭಾಗವನ್ನು ಕಿವಿಗೆ ಹಾಕಿಕೊಂಡಿರುವಷ್ಟು ಹೊತ್ತು ಆಕೆ ಕೈಸನ್ನೆಯಲ್ಲೇ ಇದ್ದರು. ನನಗದು ಚಂದ ಅನಿಸಿತ್ತು. ಪೆದ್ದಿ ನಾನು.

ದಿನಾ ಶಾಲೆ ಬಿಟ್ಟ ಮೇಲೆ ಓದಿದೆ. ಮೂರು ತಿಂಗಳಿಗೆ ಅವರ ಕಿವಿಗೆ ಬಾಗಿಲು, ಬೆಲ್ಲ ಬೇರೆ ಬೇರೆಯಾದವು. ವರ್ಷ ತುಂಬುವಾಗ ರಿಂಗಿನ ಹಿಂದಿನಿಂದ ನಾನು ಓದಿದ ಇಡೀ ವಾಕ್ಯವನ್ನು ನನ್ನ ಕೆಮ್ಮಿನ ಸಮೇತ ಒಪ್ಪಿಸಿದರು. ಆ ದಿನವೇ ಹೆಂಡತಿಯನ್ನು ಕರೆದರು.

ಆಕೆ ತಲೆವಸ್ತ್ರ ಸರಿಮಾಡಿಕೊಂಡು ಎದುರು ಕೂತು, ರಿಂಗನ್ನು ಬಾಯಿಗೆ ಹಿಡಿದು, ನನಗೆ ಬಾರದ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಕಾಕ ಮುಂದೆ ಬಾಗಿದರು. ಆಕೆ ಅದನ್ನೇ ಇನ್ನೊಮ್ಮೆ ಹೇಳಿದರು. ಮತ್ತೊಮ್ಮೆ…

"ತಗಡೇ," ಎಂದರು ಕಾಕ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮದು ಎಷ್ಟು ಸರೀ ಕೇಳ್ತದೆ ಮಾರಾಯ್ರೇ!"

ಅವರ ಮಿದುಳು ಒಂದು ವರ್ಷದಲ್ಲಿ ಕಲಿತದ್ದು ನನ್ನ ಸ್ವರ, ನನ್ನ ಪುಸ್ತಕದ ಕನ್ನಡ. ಆಕೆಯ ಸ್ವರಕ್ಕೆ ಮೊದಲಿನಿಂದ ಒಗ್ಗಬೇಕಿತ್ತು. ಇನ್ನು ನೀವೇ ದಿನಾ ಮಾತಾಡಿ, ಬರುತ್ತದೆ ಎಂದು ನಾನು ಆಕೆಗೆ ಹೇಳಬಹುದಿತ್ತು. ಹೇಳಲಿಲ್ಲ. ಆಕೆ ರಿಂಗನ್ನು ನನ್ನ ಮಡಿಲಲ್ಲಿಟ್ಟು, "ನಿಮ್ಮಲ್ಲೇ ಇರಲಿ ಟೀಚರೇ," ಎಂದು ಒಳಗೆ ಹೋದರು.

ಮತ್ತೆ ಆ ಮನೆಗೆ ಕಾಲಿಡಲಿಲ್ಲ. ಬೇಸಿಗೆಯಲ್ಲಿ ಮೂಡುಬಿದಿರೆಗೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ ಕಾಕ ತೀರಿಕೊಂಡ ಸುದ್ದಿ ಬಂತು, ಅದೂ ತಿಂಗಳು ತಡವಾಗಿ. ಅಳು ಬರಲಿಲ್ಲ.

ಈಗ ರಿಂಗು ಮಡಿಲಲ್ಲಿ ಉಂಟು, ಕಾಕ ಇಲ್ಲ. ಆಕೆ ಅಂದು ಮೂರು ಸಲ ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೆಯೇ ಉಳಿದಿದೆ. ಅದನ್ನು ಸರಿಯಾಗಿ ಕೇಳಿಸಿಕೊಂಡವಳು ನಾನೊಬ್ಬಳೇ. ಅರ್ಥ ಗೊತ್ತಿಲ್ಲ.