ಎರ್ರಿಸ್ವಾಮಿಯ ಹೊತ್ತು

ಕೊರಳಲ್ಲಿ ಅಳತೆ ಟೇಪು ಇಳಿಬಿಟ್ಟುಕೊಂಡೇ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವ ಗಂಡಸನ್ನು ನಾನು ಕಂಡದ್ದು ನಮ್ಮ ಎದುರುಮನೆಯ ಎರ್ರಿಸ್ವಾಮಿಯೊಬ್ಬನನ್ನೇ. ಚಾಚಿದ ಕಾಲುಗಳ ಮೇಲೆ ಮಗಳನ್ನು ಬೋರಲು ಮಲಗಿಸಿಕೊಂಡು, ನೀರು ಹೊಯ್ಯುವ ಮುಂಚೆ ಬಕೆಟ್ಟಿಗೆ ಮೊಣಕೈ ಅದ್ದಿ ಬಿಸಿ ನೋಡುತ್ತಿದ್ದ. ಅದನ್ನು ಯಾರು ಹೇಳಿಕೊಟ್ಟಿದ್ದರೋ ಶಿವನೇ ಬಲ್ಲ. ರಂಗೋಲಿ ಇಡಲು ಬಗ್ಗಿದ ನಾನು ಹಾಗೇ ನೋಡುತ್ತ ಕೂತುಬಿಡುತ್ತಿದ್ದೆ.

ನಮ್ಮ ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ಓಣಿ ಓಣಿಯ ಕಸುಬು. ಅದರಲ್ಲಿ ಎರ್ರಿಸ್ವಾಮಿ ಕಟಿಂಗ್ ಮಾಸ್ಟರ್. ಮೇಜಿನ ಮೇಲೆ ಪದರ ಪದರವಾಗಿ ಹಾಸಿದ ಬಟ್ಟೆಯನ್ನು ಒಂದೇ ಸಲಕ್ಕೆ ಕತ್ತರಿಸುವ ಕೆಲಸ. ಕೈ ತಪ್ಪಿತೋ, ಅಷ್ಟೂ ಹಾಳು. ಎಂದೂ ತಪ್ಪದ ಕೈ ಅಂತ ಗಾರ್ಮೆಂಟ್ಸಿನ ಸಾವ್ಕಾರರು ಅವನನ್ನು ಸೂಪರ್‌ವೈಸರ್ ಮಾಡುವವರಿದ್ದರು. ಹೆಂಡತಿ ಸುಜಾತ ಕಣೇಕಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಹೆರಿಗೆ ರಜೆ ಮುಗಿಯುತ್ತ ಬಂದಿತ್ತು, ಕೂಸನ್ನು ನೋಡಿಕೊಳ್ಳಲು ಎರಡೂ ಕಡೆ ಹಿರಿಯ ಹೆಂಗಸರು ಇರಲಿಲ್ಲ. ಅವಳು ನೌಕರಿ ಬಿಡುತ್ತಾಳೆ ಎಂದು ಓಣಿಯವರೆಲ್ಲ ತೀರ್ಮಾನಿಸಿಯೂ ಆಗಿತ್ತು. "ಓದಿದ್ದೆಲ್ಲ ನೀರಾಗ ಹೋತ್ರಿ ಅಕ್ಕಾರ" ಎಂದು ಅವಳೂ ನನ್ನ ಮುಂದೆ ಕಣ್ಣೊರೆಸಿಕೊಂಡಿದ್ದಳು.

ಬಿಟ್ಟವನು ಎರ್ರಿಸ್ವಾಮಿ.

ಸಾವ್ಕಾರರು ಮನೆಗೇ ಬಂದರು. ಅವರ ಮಾತು ನಮ್ಮ ಪಡಸಾಲೆಯವರೆಗೂ ಕೇಳಿಸುತ್ತಿತ್ತು.

"ದೊಡ್ಡ ಕೆಲಸ ಕೊಡ್ತೀನಿ ಅಂದ್ರ ಮನಿ ಹಿಡಿದೀಯಲ್ಲಪ್ಪ. ಬಂದ್ರ ದಿನ ತುಂಬ ಬಾ, ಇಲ್ಲಾ ಬರಬ್ಯಾಡ."

"ಬರಂಗಿಲ್ರಿ ಸಾವ್ಕಾರ್ರ. ಜೇಬು ಹೊಲಿಯೋ ಕೆಲಸ ಮನೀಗೆ ಕಳಸ್ರಿ. ಕೂಸು ಮಲಗಿದಾಗ ಹೊಲೀತೀನಿ."

"ಅದು ಕಲಿಯೋರ ಕೆಲಸ ಅಲ್ಲೇನೋ?"

"ಹೌದ್ರಿ. ನಾನೂ ಅಲ್ಲಿಂದನ ಬಂದಾವ."

ಸಾವ್ಕಾರರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಆದರೂ ಮರುದಿನ ಆಟೋದಲ್ಲಿ ಜೇಬುಗಳ ಗಂಟು ಬಂತು. ಸುಜಾತ ಕಣೇಕಲ್ಲಿನ ಬಸ್ಸು ಹತ್ತಿದಳು.

ಮೊದಮೊದಲು ಅವನು ಮಾಡಿಕೊಂಡ ಎಡವಟ್ಟು ನೆನೆದರೆ ಈಗಲೂ ನಗು ಬರುತ್ತದೆ. ಎಲ್ಲರೂ ಹಳೇ ಸೀರೆಯಲ್ಲಿ ಜೋಲಿ ಕಟ್ಟಿದರೆ, ಇವನು ಜೀನ್ಸ್ ಬಟ್ಟೆಗೆ ಡಬಲ್ ಹೊಲಿಗೆ ಹಾಕಿ ಜೋಲಿ ಮಾಡಿದ್ದ. ಆನೆಮರಿ ಮಲಗಿಸಿದರೂ ಹರಿಯದು. ಆದರೆ ತೂಗಿದರೆ ಅಲ್ಲಾಡದು, ಒಳಗೆ ಕೂಸು ಬೆವತು ಕೆಂಪಾಗಿ ಚೀರುತ್ತಿತ್ತು.

"ಕೂಸಿಗೆ ಪ್ಯಾಂಟು ಹೊಲಿದೀಯೋ ಜೋಲಿ ಹೊಲಿದೀಯೋ?" ಎಂದೆ.

"ಗಟ್ಟಿ ಇರ್ಲಿ ಅಂತ ಮಾಡಿದ್ನಿ ಅಕ್ಕಾರ."

ನನ್ನದೊಂದು ಮೆತ್ತನೆಯ ನೂಲಿನ ಸೀರೆ ಕೊಟ್ಟೆ. ಅದರಲ್ಲಿ ಕೂಸು ಪಾರು ಮಲಗಿದಳು. ಆಮೇಲೆ ಅವಳಿಗೆ ಹೊಲಿಗೆ ಮಷಿನ್ನಿನ ಸದ್ದೇ ಲಾಲಿಯಾಯಿತು. ಮಷಿನ್ ನಿಂತರೆ ಎದ್ದು ಅಳುತ್ತಿದ್ದಳು. ಅವಳು ಏಳದಿರಲಿ ಎಂದು ಅವನು ಬರೀ ಚಿಂದಿಯ ಮೇಲೂ ಮಷಿನ್ ಓಡಿಸುತ್ತಿದ್ದ.

ಕಟ್ಟೆಯ ಮೇಲಿನ ಗಂಡಸರು ಸುಮ್ಮನಿರಲಿಲ್ಲ. "ಏನೋ ನರ್ಸಮ್ಮನ ಗಂಡ, ಡ್ಯೂಟಿ ಮುಗೀತೇನು?" ಎನ್ನುವರು.

"ಎಲ್ಲಿ ಮುಗೀತೈತ್ರಿ, ಇನ್ನ ಬ್ಯಾಳಿ ಬೆಂದಿಲ್ಲ. ಕುಂತೇ ಇದೀರಲ್ಲ, ಬಂದು ಉಳ್ಳಾಗಡ್ಡಿ ಹೆಚ್ಚಿಕೊಡ್ರಿ."

ಒಬ್ಬಿಬ್ಬರು ನಿಜವಾಗಿಯೂ ಹೋಗಿ ಹೆಚ್ಚಿದರು. ಕಣ್ಣಾರೆ ನೋಡಿದ್ದೇನೆ.

ಸಂಜೆ ಬಸ್ಸಿಳಿದು ಬರುವ ಸುಜಾತಳ ಮುಖದಲ್ಲಿ ದಣಿವು ಇರುತ್ತಿತ್ತು, ದಿಗಿಲು ಇರುತ್ತಿರಲಿಲ್ಲ. ಕೂಸು ಏನಾಯಿತೋ ಎಂಬ ದಿಗಿಲಿಲ್ಲದೆ ಒಬ್ಬ ತಾಯಿ ಕೆಲಸದಿಂದ ಮನೆಗೆ ಬರುವುದೂ ಒಂದು ಪುಣ್ಯವೇ ಎಂದು ನನಗೆ ಅವಳನ್ನು ನೋಡಿದ ಮೇಲೆ ತಿಳಿಯಿತು.

ಪಾರು ಶಾಲೆಗೆ ಹೋಗುವಷ್ಟಾದಾಗ ಸುಜಾತಳಿಗೆ ಮಡಕಶಿರಾಕ್ಕೆ ವರ್ಗವಾಯಿತು. ಲಾರಿಗೆ ಸಾಮಾನು ಏರಿಸುವ ದಿನ ಸಾವ್ಕಾರರು ಬಂದರು.

"ಅಲ್ಲಿ ನಮ್ಮ ಬೀಗರದು ಗಾರ್ಮೆಂಟ್ಸ್ ಐತಿ. ಕಟಿಂಗ್ ಮಾಸ್ಟರ್ ಬೇಕಂತ, ಹೇಳಿಟ್ಟೀನಿ. ಇನ್ನ ದಿನ ತುಂಬ ಹೋಗಬೌದಲ್ಲ?"

ಅವನು ಮಷಿನ್ನಿಗೆ ಹಗ್ಗ ಬಿಗಿಯುತ್ತಿದ್ದ. "ಅರ್ಧ ದಿನ ಅಂದ್ರ ಹೋಗ್ತೀನ್ರಿ."

"ಯಾಕೋ? ಮಗಳು ಬೆಳದ್ಲಲ್ಲ?"

"ಬೆಳದ್ಲ್ರಿ. ಇನ್ನರ್ಧ ದಿನ ನನಗ ಬೇಕು."

ನನಗೆ ತಡೆಯಲಾಗಲಿಲ್ಲ. "ಅಲ್ಲೋ ಎರ್ರಿಸ್ವಾಮಿ, ನಿನ್ನ ಕಷ್ಟ ತೀರಲಿ ಅಂತ ಸೋಮವಾರ ಸೋಮವಾರ ಶಿವನ ಗುಡಿಯಾಗ ದೀಪ ಹಚ್ಚೀನಿ. ಅವ ದಾರಿ ತೋರ್ಸಿದ್ರ ನೀ ಒಲ್ಲೆ ಅಂತೀಯಲ್ಲ."

ಅವನು ಹಗ್ಗ ಬಿಟ್ಟು ನನ್ನ ಕಡೆ ತಿರುಗಿದ. ಹೆಂಡತಿಯ ಮುಖ ನೋಡಿದ, ಮತ್ತೆ ನನ್ನ ಮುಖ ನೋಡಿದ.

"ಯಾವ ಕಷ್ಟ ಅಕ್ಕಾರ?"

ಚೇಷ್ಟೆಗೆ ಅಂದದ್ದಲ್ಲ, ಗೊತ್ತಿಲ್ಲದೆ ಕೇಳಿದ್ದು. ಲಾರಿ ತಿರುವು ದಾಟುವವರೆಗೂ ನಿಂತೇ ಇದ್ದೆ.

ಆ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಯಜಮಾನ ಒಳ್ಳೆಯವನು, ದೊಡ್ಡ ನೌಕರಿ. ಮಕ್ಕಳು ಏಳುವ ಮುಂಚೆ ಹೋಗುತ್ತಾನೆ, ಅವರು ಮಲಗಿದ ಮೇಲೆ ಬರುತ್ತಾನೆ. ಸೋಮವಾರದ ದೀಪವನ್ನು ನಾನು ನಿಲ್ಲಿಸಿಲ್ಲ. ಈಗ ಈ ಯಜಮಾನನ ಹೆಸರಿನಲ್ಲಿ ಹಚ್ಚುತ್ತೇನೆ.