ಆ ಸಂಜೆ ಕೇಳಿ ಹೊಡೆದವನು

ಗುಲಾಬಿಯಕ್ಕ, ಆ ಸಂಜೆ ರೈಲುಹಳಿಯಾಚೆಯ ಗದ್ದೆಯಲ್ಲಿ ಆಟಕ್ಕೆ ಕರೆಯುವ ಕೇಳಿ ಹೊಡೆದವನು ನಾನೇ. ಯಾವ ಯಕ್ಷಗಾನ ಮೇಳವೂ ಅಲ್ಲ, ದೇವರೂ ಅಲ್ಲ — ನಿಮ್ಮ ಜಗಲಿಯಲ್ಲಿ ಕೂತು ನಿಮ್ಮ ಕೈಯ ಗಂಜಿ ಉಂಡ ಈ ಶೀನ. ನಿಮ್ಮ ಅಪ್ಪಯ್ಯ ಮನೆ ಬಿಟ್ಟು ಹೊರಟದ್ದು ನನ್ನ ಚೆಂಡೆಯ ಸದ್ದಿಗೆ. ಹನ್ನೆರಡು ವರ್ಷ ಇದನ್ನು ನುಂಗಿಕೊಂಡೇ ನಿಮ್ಮ ಮುಖ ನೋಡುತ್ತ ಬಂದಿದ್ದೇನೆ. ಹೇಳಿಬಿಡಬೇಕೆಂದು ಎಷ್ಟು ಸಲ ಬಂದು ನಿಂತೆನೋ — ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೇಳದವರು ನನ್ನನ್ನು ಬಿಟ್ಟದ್ದು ನಿಮಗೆ ಗೊತ್ತು. ಭಾಗವತರಿಗೂ ನನಗೂ ಸರಿಬರಲಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಸುಳ್ಳು. ನನ್ನ ಕೈ ಸಾಲದಾಯಿತು, ಅಷ್ಟೆ. ಆದರೆ ಸೊಕ್ಕು ಬಿಡಬೇಕಲ್ಲ! ಮೇಳ ಇಲ್ಲದಿದ್ದರೆ ಬೀದಿ ಇದೆ ಎಂದು ಚೆಂಡೆ ಹೆಗಲಿಗೇರಿಸಿ ಹೊರಟೆ. ಶನಿವಾರ ಕುಂದಾಪುರದ ಸಂತೆ, ಸೋಮವಾರ ಬ್ರಹ್ಮಾವರ. ಚೆಂಡೆ ನಾನೇ, ಪದ ನಾನೇ, ನಡುವೆ ರಾಮನೂ ನಾನೇ ರಾವಣನೂ ನಾನೇ. ಯಾರು ನಿಲ್ಲುತ್ತಾರೆ? ಒಂದು ಕಡೆ ಕ್ಯಾಸೆಟ್ ಅಂಗಡಿಯ ಸ್ಪೀಕರ್, ಇನ್ನೊಂದು ಕಡೆ ಬಸ್ಸಿನ ಹಾರನ್. ಬೆರಳು ಒಡೆದು ರಕ್ತ ಬರುವ ತನಕ ಬಡಿದರೂ ಜನ ನನ್ನನ್ನು ಸುತ್ತು ಹಾಕಿ ಹೋಗುತ್ತಿದ್ದರು — ದಾರಿಯಲ್ಲಿ ಮಲಗಿದ ದನಕ್ಕೆ ಸುತ್ತು ಹಾಕಿದ ಹಾಗೆ.

ನನ್ನ ಚೆಂಡೆ ಕೇಳುತ್ತಿದ್ದವರು ಒಬ್ಬರೇ, ನಿಮ್ಮ ಅಪ್ಪಯ್ಯ. ಒಂದು ಕಾಲಕ್ಕೆ ಸ್ತ್ರೀವೇಷಕ್ಕೆ ಹೆಸರಾದವರು, ಹಳೆಯ ಗೆಜ್ಜೆಯನ್ನು ಇನ್ನೂ ತಲೆದೆಸೆಯಲ್ಲೇ ಇಟ್ಟುಕೊಂಡಿದ್ದರು. ಕೊನೆಕೊನೆಗೆ ನಿಮ್ಮ ಹೆಸರನ್ನೂ ಮರೆಯುತ್ತಿದ್ದರು. ನೀವು ಮೀನು ಬುಟ್ಟಿ ಹಿಡಿದು ವಂಡ್ಸೆ ಬಸ್ಸು ಹತ್ತಿದ ಮೇಲೆ, ಸಂತೆಯಿಲ್ಲದ ದಿನ ನಾನು ಬಂದು ಅವರ ಹತ್ತಿರ ಕೂರುತ್ತಿದ್ದೆ. "ಹೊಡಿ ಮಾಣಿ. ಕೇಳುಕ್ ನಾನಿದ್ದೆ" ಅನ್ನುತ್ತಿದ್ದರು. ಮಗಳನ್ನು ಮರೆತವರು ತಾಳ ಮರೆತಿರಲಿಲ್ಲ. ನನ್ನ ಕೈ ತಪ್ಪಿದ ಕಡೆ ಹುಬ್ಬು ಗಂಟಿಕ್ಕುತ್ತಿದ್ದರು, ಸರಿಯಾದ ಕಡೆ ಕೂತಲ್ಲೇ ಹೆಜ್ಜೆ ಹಾಕುತ್ತಿದ್ದರು. ಅಷ್ಟು ಸಾಕಿತ್ತು ನನಗೆ — ಸಾಕೆಂದು ಆಗ ತಿಳಿಯಲಿಲ್ಲ.

ನೀವು ನನ್ನಲ್ಲಿ ಕೇಳಿಕೊಂಡದ್ದು ಒಂದೇ ಮಾತು. "ಬೇರೆ ಎಂತ ಬೇಕಾರೂ ಹೊಡಿ ಶೀನ. ಮುಸ್ಸಂಜಿಗ್ ಕೇಳಿ ಮಾತ್ರ ಹೊಡಿಬೇಡ. ಅಪ್ಪಯ್ಯ ಬಣ್ಣ ಹಚ್ಚುಕ್ ಹೊತ್ತಾಯ್ತ್ ಅಂದ್ಹೇಳಿ ಎದ್ದ್ ಹೊರಡ್ತ್ರ್." ನಮ್ಮಲ್ಲಿ ಕತ್ತಲಾಗುವ ಹೊತ್ತಿಗೆ ಬಯಲಲ್ಲಿ ಕೇಳಿ ಹೊಡೆದರೆ ಇವತ್ತು ಇಲ್ಲಿ ಆಟ ಇದೆ ಎಂದೇ ಅರ್ಥ, ಊರಿಗೂ ಅದೇ ಕರೆ, ವೇಷಧಾರಿಗೂ ಅದೇ ಕರೆ. "ಇಲ್ಲ ಅಕ್ಕ, ಹೊಡಿತಿಲ್ಲೆ" ಎಂದು ನಿಮಗೆ ಮಾತು ಕೊಟ್ಟವನು ನಾನು.

ಆ ಶನಿವಾರ ಕುಂದಾಪುರದಲ್ಲಿ ಬೆಳಿಗ್ಗೆಯಿಂದ ಬಾರಿಸಿದ್ದೆ. ಒಬ್ಬ ಹೆಂಗಸು ಮಗುವಿನ ಕಿವಿ ಮುಚ್ಚಿಕೊಂಡು ದಾಟಿದಳು. ಹೊತ್ತು ಇಳಿಯುವ ವೇಳೆಗೆ ಒಬ್ಬರು ನನ್ನೆದುರು ನಿಂತರು. ನಾನೋ ಎದೆಯೆಲ್ಲ ಹಿಗ್ಗಿ ಇನ್ನೂ ಜೋರು ಬಾರಿಸಿದೆ. ಮುಗಿಸಿದ ಕೂಡಲೇ ಅವರು ಕೇಳಿದರು — "ಹ್ವಾಯ್, ಎಂತ ಮಾರುಕ್ ಬಂದದ್ದ್?" ಮುಲಾಮು ಮಾರುವವನು ಎಂದುಕೊಂಡಿದ್ದರು ಪಾಪ. ನಾನು ಚೆಂಡೆ ಕಟ್ಟಿಕೊಂಡು ಬೈಂದೂರು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಳು ಬರುತ್ತಿತ್ತು. ಸತ್ತರೂ ಸರಿ, ಒಂದು ಸಲ — ಒಂದೇ ಒಂದು ಸಲ — ನನ್ನ ಚೆಂಡೆ ಕೇಳಿ ಜನ ಎದ್ದು ಬರುವುದನ್ನು ಕಾಣಬೇಕು ಎನಿಸಿತು.

ಬಸ್ಸಿಳಿದಾಗ ಮುಸ್ಸಂಜೆ. ಮೇಳಗಳ ತಿರುಗಾಟ ಇನ್ನೂ ಶುರುವಾಗಿರಲಿಲ್ಲ. ಕೊಯ್ಲಾದ ಗದ್ದೆ ಖಾಲಿ ಬಿದ್ದಿತ್ತು. ಅಲ್ಲಿಂದ ನಿಮ್ಮ ಮನೆಗೆ ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೊಟ್ಟ ಮಾತು ನೆನಪಿರಲಿಲ್ಲವೇ? ಇತ್ತು. ಆದರೂ ಹೊಡೆದೆ.

ಬಂದರು ಅಕ್ಕ, ಜನ ಬಂದರು! ಆಚೆ ಕೇರಿಯಿಂದ ಟಾರ್ಚುಗಳು ಒಂದೊಂದಾಗಿ ಹೊರಟವು. ಕಂಕುಳಲ್ಲಿ ಚಾಪೆ ಇಟ್ಟುಕೊಂಡವರೂ ಇದ್ದರು. "ಯಾವ ಮೇಳ ಅಂಬ್ರ್?" ಎಂದು ಯಾರೋ ಕೂಗಿ ಕೇಳಿದ್ದು ಗಾಳಿಯಲ್ಲಿ ಬಂತು. ಆಗಲೇ ನನಗೆ ಹೊಳೆದದ್ದು — ತೋರಿಸಲು ನನ್ನಲ್ಲಿ ಏನಿತ್ತು? ರಂಗಸ್ಥಳ ಇಲ್ಲ, ವೇಷ ಇಲ್ಲ, ಭಾಗವತರಿಲ್ಲ. ನನ್ನನ್ನು ಕಂಡು ನಗುತ್ತಾರೆ, ಇಲ್ಲ ಬಡಿಯುತ್ತಾರೆ. ಕೈ ನಿಲ್ಲಿಸಿದೆ.

ಕೈ ನಿಂತಾಗ ಇನ್ನೊಂದು ಸದ್ದು ಕೇಳಿತು. ಇದನ್ನು ನಾನು ಈವರೆಗೆ ನನಗೆ ನಾನೇ ಸರಿಯಾಗಿ ಹೇಳಿಕೊಂಡಿಲ್ಲ — ಹಳಿಯ ಕಡೆಯಿಂದ ಗೆಜ್ಜೆಯ ಸದ್ದು. ಅವಸರವಿಲ್ಲದ, ತಾಳ ತಪ್ಪದ ಹೆಜ್ಜೆ. ಆ ಹೆಜ್ಜೆ ಯಾರದೆಂದು ನನಗೆ ಗೊತ್ತಾಯಿತು. ಅನುಮಾನವಲ್ಲ ಅಕ್ಕ, ಗೊತ್ತೇ ಆಯಿತು. ಹತ್ತಿರ ಹೋಗಿ ಕೈ ಹಿಡಿದಿದ್ದರೆ ಮುಗಿದಿತ್ತು. ಆದರೆ ಟಾರ್ಚುಗಳು ಬರುತ್ತಿದ್ದವು, ನನಗೆ ನನ್ನ ಮರ್ಯಾದೆಯ ಚಿಂತೆ. ಚೆಂಡೆ ಅಪ್ಪಿಕೊಂಡು ತೋಟದೊಳಗೆ ನುಗ್ಗಿ ಓಡಿದೆ. ತೋಟ ದಾಟುವಷ್ಟರಲ್ಲಿ ರೈಲು ಕೂಗಿತು, ಒಮ್ಮೆಯಲ್ಲ, ಬಿಡದೆ. ಆಗಲೂ ನಾನು ಹಿಂದೆ ತಿರುಗಲಿಲ್ಲ.

ಮರುದಿನ, ಹಳಿಯಿಂದ ತಂದ ಅಪ್ಪಯ್ಯನನ್ನು ಮಲಗಿಸಿದ್ದ ನಿಮ್ಮ ಅಂಗಳದಲ್ಲಿ ನೀವು ನನ್ನ ಕೈ ಹಿಡಿದು ಕೇಳಿದಿರಿ, "ಕೇಳಿ ಹೊಡೆದದ್ದ್ ಯಾರ್ ಅಂದ್ಹೇಳಿ ನಿಂಗೊತ್ತಿತ್ತಾ ಶೀನ?"

"ಗೊತ್ತಿಲ್ಲ ಅಕ್ಕ. ನಾನ್ ಕುಂದಾಪ್ರದಗೆ ಇದ್ದಿದ್ದೆ."

ಇಷ್ಟೇ ನಾನು ಹೇಳಿದ್ದು. ಮೇಳವಿಲ್ಲದ ಕಾಲದಲ್ಲಿ ಕೇಳಿಯ ಸದ್ದು ಬಂತೆಂದರೆ ದೇವರೇ ಕರೆಸಿಕೊಂಡದ್ದು ಎಂದು ಊರವರು ಮಾತಾಡಿದರು, ನಾನೂ ತಲೆಯಾಡಿಸಿದೆ. ಆದರೆ ನೀವು ನಂಬಿದ್ದು ದೇವರ ಕರೆಯನ್ನಲ್ಲ, ನಿಮ್ಮ ತಪ್ಪನ್ನು. ಸೀಮೆಎಣ್ಣೆಗೆಂದು ರೇಷನ್ ಅಂಗಡಿಗೆ ಓಡುವ ಗಡಿಬಿಡಿಯಲ್ಲಿ ಹೊರಗಿನ ಚಿಲಕ ಹಾಕಲು ಮರೆತದ್ದು. ಪ್ರತಿ ವರ್ಷ ಅವರ ತಿಥಿಯ ದಿನ ಬಡಿಸುತ್ತ ಬಡಿಸುತ್ತ ನೀವು ನಿಲ್ಲುತ್ತೀರಿ — "ಚಿಲ್ಕ ಒಂದ್ ಹಾಕಿರೆ ಅಪ್ಪಯ್ಯ ಇರ್ತಿದ್ರ್" ಎಂದು. ಈಗಲೂ ಮನೆ ಬಿಡುವಾಗ ಮೂರು ಮೂರು ಸಲ ಚಿಲಕ ಮುಟ್ಟಿ ನೋಡುತ್ತೀರಿ. ನಾನು ಅದನ್ನು ಕಾಣುತ್ತ ನೀವು ಬಡಿಸಿದ್ದನ್ನು ಉಣ್ಣುತ್ತೇನೆ. ಥೂ, ನನ್ನ ಜನ್ಮಕ್ಕಿಷ್ಟು.

ಆಮೇಲೆ ನಾನು ಚೆಂಡೆ ಮುಟ್ಟಲಿಲ್ಲ. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಕೆಲಸಕ್ಕೆ ಸೇರಿದೆ. ಶೀನನಿಗೆ ಅಪ್ಪಯ್ಯನ ಮೇಲೆ ಎಷ್ಟು ಪ್ರೀತಿ, ಆ ದುಃಖದಲ್ಲಿ ಚೆಂಡೆಯನ್ನೇ ಬಿಟ್ಟ ಎಂದು ನೀವೇ ಹತ್ತು ಜನರಲ್ಲಿ ಹೇಳಿದಿರಿ. ಅವರ ಕಾಲಿನಿಂದ ಬಿಚ್ಚಿದ ಗೆಜ್ಜೆಯನ್ನು ತೊಳೆದು ನನಗೇ ಕೊಟ್ಟಿರಿ. ನಾನು ಕೈ ಚಾಚಿ ತೆಗೆದುಕೊಂಡೆ!

ಗೆಜ್ಜೆ ಈ ಕಾಗದದ ಜೊತೆಗಿದೆ. ಅದು ನನ್ನಲ್ಲಿರಬಾರದು. ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳಲು ಮುಖವಿಲ್ಲ. ಒಂದು ಮಾತು ಮಾತ್ರ ನಂಬಿ: ಆ ದಿನ ಬಾಗಿಲು ಹಾರುಹೊಡೆದು ಬಿದ್ದಿದ್ದರೂ, ಕೇಳಿ ಇಲ್ಲದಿದ್ದರೆ ಅವರು ಹೊಸ್ತಿಲು ದಾಟುತ್ತಿರಲಿಲ್ಲ. ತಪ್ಪು ಚಿಲಕದ್ದಲ್ಲ, ನಿಮ್ಮದಲ್ಲ. ನನ್ನದು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು ನೀವು, ಅಕ್ಷರ ಕೂಡಿಸಿ ನಿಧಾನ ಓದುತ್ತೀರಿ. ಎಷ್ಟು ಹೊತ್ತು ಬೇಕಾದರೂ ಓದಿ. ನಾನು ನಿಮ್ಮ ಅಂಗಳದಲ್ಲೇ ಕೂತಿರುತ್ತೇನೆ. ಬೈಯಿರಿ, ಊರು ಕೂಡಿಸಿ ಹೇಳಿ, ಏನು ಬೇಕಾದರೂ ಮಾಡಿ. ಈ ಸಲ ನಾನು ಓಡುವುದಿಲ್ಲ.